ಕನ್ನಡ ಮಾಧ್ಯಮದ ಮಕ್ಕಳಿಗೆ ಹೈಸ್ಕೂಲು ಗಣಿತ ಕಲಿಸಬೇಕು ಅಂತಿದ್ದೇನೆ, ಕಾಸರಗೋಡಿನವರು ದಾರಿ ಹೇಳಿ

ನೀರ್ಚಾಲು ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಬಿ.ಎಸ್ಸಿ. ಗಣಿತದ ಕೊನೆಯ ಸೆಮಿಸ್ಟರಿನಲ್ಲಿದ್ದೇನೆ. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಪ್ಲಸ್ ಟು ಮತ್ತು ಡಿಗ್ರಿ ಇಂಗ್ಲಿಷಿನಲ್ಲಿ ಆಯಿತು. ನಮ್ಮ ಊರಿನ ಕನ್ನಡ ಶಾಲೆಯಲ್ಲೇ ಗಣಿತ ಟೀಚರ್ ಆಗಬೇಕು ಅನ್ನುವುದು ಎಂಟನೇ ಕ್ಲಾಸಿನಿಂದ ಇರುವ ಆಸೆ.

ಕೇಳಬೇಕಾದದ್ದು ತುಂಬ ಇದೆ. ಬಿ.ಎಡ್. ಇಲ್ಲಿ ಮಾಡುವುದಾ, ಮಂಗಳೂರಿಗೆ ಹೋಗುವುದಾ? ಕೆ-ಟೆಟ್, ಅಂದರೆ ಕೇರಳದ ಟೀಚರ್ ಅರ್ಹತಾ ಪರೀಕ್ಷೆ, ಎಷ್ಟು ಕಷ್ಟ? ಸರಕಾರಿ ಕೆಲಸಕ್ಕೆ ಆಯ್ಕೆ ಮಾಡುವ ಪಿಎಸ್‌ಸಿಯ ಪರೀಕ್ಷೆಗೆ ಈಗಲೇ ಓದಲು ಶುರು ಮಾಡಬೇಕಾ? ನನ್ನ ಮಾವ ಮಾತ್ರ, "ಕನ್ನಡ ಮೀಡಿಯಂ ಇನ್ನು ಹತ್ತು ವರ್ಷ ಇರುವುದು ಡೌಟು, ಬ್ಯಾಂಕ್ ಪರೀಕ್ಷೆ ಬರಿ" ಅನ್ನುತ್ತಾರೆ.

ಇನ್ನೊಂದು ವಿಷಯ ಇದೆ. ಅದೇ ನನಗೆ ಜಾಸ್ತಿ ಭಯ ಹುಟ್ಟಿಸಿದ್ದು. ಹೋದ ವಾರ ಪಕ್ಕದ ಮನೆಯ ಒಂಬತ್ತನೇ ಕ್ಲಾಸಿನ ಹುಡುಗಿ ಗಣಿತ ಹೇಳಿಸಿಕೊಳ್ಳಲು ಬಂದಳು. ನಾನು ಬಾಯಿ ತೆರೆದರೆ ಬರುವುದೆಲ್ಲ ಪಾಲಿನೋಮಿಯಲ್, ಕೋಎಫಿಶಿಯಂಟ್, ಪರ್ಪೆಂಡಿಕ್ಯುಲರ್. ಅವಳು ಸುಮ್ನೆ ನನ್ನ ಮುಖ ನೋಡುತ್ತಾ ಕುಳಿತಳು. ಐದು ವರ್ಷದ ಹಿಂದೆ ನಾನೇ ಬರೆದ ಪದಗಳು ನನಗೇ ನೆನಪಾಗಲಿಲ್ಲ. ಹೀಗಿರುವಾಗ ನಾನು ಯಾವ ಬಾಯಲ್ಲಿ ಕನ್ನಡ ಮಾಧ್ಯಮದ ಟೀಚರ್ ಆಗುತ್ತೇನೆ ಅಂತ ಹೇಳಲಿ?

ಕುಂಬಳೆಯಿಂದ, ಪಿಎಸ್‌ಸಿ ಬರೆಯುವವ

ಮೊದಲು ಕಾಗದಪತ್ರದ ವಿಷಯ ಹೇಳುತ್ತೇನೆ. ಇದರಲ್ಲಿ ನಾನು ಪೆಟ್ಟು ತಿಂದಿದ್ದೇನೆ.

ಸರಕಾರಿ ಹೈಸ್ಕೂಲಿನ ಹುದ್ದೆಗೆ ಹೆಸರು ಎಚ್‌ಎಸ್‌ಟಿ ಮ್ಯಾಥಮ್ಯಾಟಿಕ್ಸ್, ಕನ್ನಡ ಮೀಡಿಯಂ. ಮೊದಲು ಎಚ್‌ಎಸ್‌ಎ ಅನ್ನುತ್ತಿದ್ದರು, ಈಗಲೂ ಹಳಬರ ಬಾಯಲ್ಲಿ ಅದೇ ಇದೆ. ಜಿಲ್ಲಾ ಮಟ್ಟದ ನೇಮಕ. ಗಣಿತ ಮುಖ್ಯ ವಿಷಯವಾಗಿರುವ ಡಿಗ್ರಿ, ಗಣಿತದಲ್ಲಿ ಬಿ.ಎಡ್., ಕೆ-ಟೆಟ್ ಮೂರನೇ ಕೆಟಗರಿ, ಇಷ್ಟು ಬೇಕು. ಕನ್ನಡ ಮೀಡಿಯಂ ಹುದ್ದೆಗೆ ಕನ್ನಡದ ಬಗ್ಗೆ ಬೇರೆ ಷರತ್ತು ಇರುತ್ತದೆ. ಅದನ್ನು ಯಾರೋ ಹೇಳಿದರು ಅಂತ ನಂಬಬೇಡಿ. ವಿಜ್ಞಾಪನೆ ಬಂದ ದಿನ ಕೊನೆಯ ಟಿಪ್ಪಣಿಯವರೆಗೆ ಕೂತು ಓದಿ.

ಪಿಎಸ್‌ಸಿಯ ತುಳಸಿ ಸೈಟಿನಲ್ಲಿ ಒನ್ ಟೈಮ್ ರಿಜಿಸ್ಟ್ರೇಶನ್ ಈಗಲೇ ಮಾಡಿಟ್ಟುಕೊಳ್ಳಿ. ಅರ್ಜಿ ಹಾಕಿದರೆ ಮುಗಿಯಲಿಲ್ಲ. ಪರೀಕ್ಷೆಯ ದಿನ ಗೊತ್ತಾದ ಮೇಲೆ "ನಾನು ಬರೆಯುತ್ತೇನೆ" ಅಂತ ಪ್ರೊಫೈಲಿನಲ್ಲಿ ಕನ್‌ಫರ್ಮೇಶನ್ ಕೊಡಬೇಕು. ಕೊಡದಿದ್ದರೆ ಹಾಲ್ ಟಿಕೆಟ್ ಬರುವುದಿಲ್ಲ. ನಾನು ಒಂದು ಸಲ ಅಜ್ಜಿಯ ಆಸ್ಪತ್ರೆ ಓಡಾಟದಲ್ಲಿ ಅದನ್ನು ಮರೆತೆ. ಎರಡು ವರ್ಷ ಓದಿದ್ದು ಹಾಗೇ ಉಳಿಯಿತು. ಕನ್ನಡ ಮೀಡಿಯಂ ಹುದ್ದೆಯ ವಿಜ್ಞಾಪನೆ ಪ್ರತಿ ವರ್ಷ ಬರುವ ಹಾಗೆ ಇಲ್ಲ, ಅದಕ್ಕೆ ಹೇಳುವುದು. ಫೋನಿನಲ್ಲಿ ಅಲಾರಂ ಇಡಿ, ಮನೆಯ ಕ್ಯಾಲೆಂಡರಿನಲ್ಲೂ ಗುರುತು ಹಾಕಿ.

ಎನ್‌ಸಿಎ ಅಂತ ಬರುವ ವಿಜ್ಞಾಪನೆಯನ್ನೂ ಬಿಡಬೇಡಿ. ಒಂದು ಮೀಸಲಾತಿ ವಿಭಾಗಕ್ಕೆ ಅಭ್ಯರ್ಥಿ ಸಿಗದೆ ಹೋದಾಗ ಆ ವಿಭಾಗದವರಿಗೇ ಮತ್ತೆ ಕರೆಯುತ್ತಾರೆ. ಕನ್ನಡ ಹುದ್ದೆಗಳಲ್ಲಿ ಇದನ್ನು ಗಮನಿಸುತ್ತಿರಬೇಕು.

ಮೀಯಪದವಿನ ಅಮ್ಮ

ಮಗಾ, ನಿನ್ನ ಪ್ರಶ್ನೆ ಓದಿ ಖುಷಿಯೂ ಆಯಿತು, ಹೊಟ್ಟೆಯೊಳಗೆ ಸಂಕಟವೂ ಆಯಿತು. ನಾನು ಟೀಚರ್ ಅಲ್ಲ. ಒಬ್ಬ ಮಗಳನ್ನು ಕನ್ನಡ ಮಾಧ್ಯಮದಲ್ಲಿ ಓದಿಸಿದ ತಾಯಿ. ನಿನ್ನಂಥವರು ಯಾಕೆ ಬೇಕು ಅಂತ ಒಂದು ಸಂಗತಿ ಹೇಳುತ್ತೇನೆ.

ಮಗಳು ಎಂಟನೇ ಕ್ಲಾಸಿನಲ್ಲಿರುವಾಗ ವರ್ಷದ ನಡುವೆ ಹೊಸ ಗಣಿತ ಅಧ್ಯಾಪಕರು ಬಂದರು. ಶಾಲೆಯ ಹೆಸರು ಬೇಡ. ಒಳ್ಳೆಯ ಮನುಷ್ಯ, ವಿಷಯ ಗೊತ್ತಿದ್ದವರು. ಕನ್ನಡ ಮಾತ್ರ ಬರುತ್ತಿರಲಿಲ್ಲ. ಒಂದು ದಿನ ಬೋರ್ಡಿನಲ್ಲಿ ಚಿತ್ರ ಹಾಕದೆ ಬಾಯಲ್ಲೇ ಲೆಕ್ಕ ಕೊಟ್ಟರಂತೆ. ಒಂದು ಚತುರ, ಅದರ ಒಂದು ಬದಿ 8 ಸೆಂಟಿಮೀಟರ್, ಸುತ್ತಳತೆ 40 ಸೆಂಟಿಮೀಟರ್, ವಿಸ್ತೀರ್ಣ ಎಷ್ಟು ಅಂತ. ಮಗಳು ಮತ್ತು ಅವಳ ಬೆಂಚಿನವರೆಲ್ಲ ಚತುರ ಅಂದರೆ ಚೌಕ ಅಂದುಕೊಂಡರು. ನಾವು ಚದರ ಅಡಿ ಅನ್ನುವುದಿಲ್ಲವಾ, ಹಾಗೆ. ಎಂಟು ನಾಲ್ಕಲಿ ಮೂವತ್ತೆರಡು, ಮತ್ತೆ ನಲುವತ್ತು ಹೇಗೆ? ಮಗಳು ಪುಸ್ತಕದಲ್ಲಿ "ಪ್ರಶ್ನೆ ತಪ್ಪು" ಅಂತ ಬರೆದಳು. ಅದಕ್ಕೆ ಕೆಂಪು ಶಾಯಿಯಲ್ಲಿ ಸೊನ್ನೆ ಬಿತ್ತು. ಆ ಪುಟ ಈಗಲೂ ನಮ್ಮ ಮನೆಯಲ್ಲಿದೆ.

ಆ ಸೊನ್ನೆಯ ನಂತರ ಅವಳು ಕ್ಲಾಸಿನಲ್ಲಿ ಕೈ ಎತ್ತುವುದನ್ನೇ ಬಿಟ್ಟಳು. ಅಂಕ ಹೋದದ್ದಕ್ಕಿಂತ ನನಗೆ ಅದೇ ಜಾಸ್ತಿ ನೋವು.

ದೇಲಂಪಾಡಿಯವ

ಮೇಲಿನ ಅಕ್ಕನ ಮಾತು ನೂರಕ್ಕೆ ನೂರು ಸರಿ. ನನಗೆ ಎರಡು ಭಾಷೆಯೂ ಬರುವುದರಿಂದ ಹೇಳುತ್ತೇನೆ. ಮಲಯಾಳದಲ್ಲಿ ಚತುರಂ ಅಂದರೆ ಆಯತ. ಚೌಕಕ್ಕೆ ಅವರು ಸಮಚತುರಂ ಅನ್ನುತ್ತಾರೆ. ಆ ಲೆಕ್ಕದಲ್ಲಿ ಇನ್ನೊಂದು ಬದಿ 12, ವಿಸ್ತೀರ್ಣ 96. ಅಧ್ಯಾಪಕರು ಕೇಳಿದ್ದೂ ಸರಿ, ಮಗು ಯೋಚಿಸಿದ್ದೂ ಸರಿ. ನಡುವೆ ಒಂದು ಪದ ನಿಂತುಬಿಟ್ಟಿತು. ಇಂಥದ್ದು ಇನ್ನೂ ಇವೆ. ವೃತ್ತದ ಜ್ಯಾಕ್ಕೆ (ಇಂಗ್ಲಿಷಿನ ಕಾರ್ಡ್) ಅಲ್ಲಿ ಞಾಣ್, ಸ್ಪರ್ಶಕಕ್ಕೆ (ಟ್ಯಾಂಜೆಂಟ್) ತೊಡುವರ, ಭಾಗಿಸುವುದಕ್ಕೆ ಹರಿಕ್ಕುಗ. ಮನೆಯಲ್ಲಿ ತುಳುವೋ ಮರಾಟಿಯೋ ಮಾತಾಡಿ, ಶಾಲೆಯಲ್ಲಿ ಕನ್ನಡ ಕಲಿತ ಮಗುವಿಗೆ ಇದು ಮೂರನೆಯ ಭಾಷೆ.

ಪೆರ್ಲದ ನಿವೃತ್ತ ಮಾಷ್ಟ್ರು

ಎಲ್ಲ ಓದಿದೆ. ನೀರ್ಚಾಲಿನ ತಂಗಿಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಬೇಡ.

ನಿನಗೆ ಪದ ಮರೆತುಹೋಗಿದೆ ಅಂತ ಗೊತ್ತಾಯಿತಲ್ಲ, ತಯಾರಿ ಅಲ್ಲಿಂದಲೇ ಶುರುವಾಯಿತು ಅಂತ ತಿಳಿ. ಡಿಗ್ರಿ ಮುಗಿಸಿದ ಹೆಚ್ಚಿನವರಿಗೆ ಇದು ಗೊತ್ತಾಗುವುದು ಕ್ಲಾಸಿನಲ್ಲಿ ನಿಂತ ಮೇಲೆ. ನೀನು ಈಗ ಮಾಡಬೇಕಾದ ಮೊದಲ ಕೆಲಸ ಗೈಡು ಕೊಳ್ಳುವುದಲ್ಲ. ಎಂಟು, ಒಂಬತ್ತು, ಹತ್ತರ ಕೇರಳ ಎಸ್‌ಸಿಇಆರ್‌ಟಿಯ ಕನ್ನಡ ಗಣಿತ ಪುಸ್ತಕ ಕೈಗೆ ತೆಗೆದುಕೋ. ಹೊಸ ಪುಸ್ತಕವೇ ಬೇಕು. ಒಂಬತ್ತರದ್ದು 2024ರಲ್ಲಿ ಬದಲಾಯಿತು, ಎಂಟು ಮತ್ತು ಹತ್ತರದ್ದು 2025ರಲ್ಲಿ. ನೀನು ಓದಿದ ಹಳೆಯ ಪುಸ್ತಕ ಅಟ್ಟದಲ್ಲಿದ್ದರೆ ಅದನ್ನು ಹೋಲಿಸಿ ನೋಡಲು ಇಟ್ಟುಕೋ.

ಕರ್ನಾಟಕದ ಗೈಡುಗಳಿಂದ ಓದುವವರಿಗೆ ಒಂದು ಎಚ್ಚರಿಕೆ ಹೇಳಬೇಕು. 5, 8, 11, 14 ಅನ್ನುವ ಶ್ರೇಣಿ ತೆಗೆದುಕೋ. ಅಲ್ಲಿನ ಪುಸ್ತಕದಲ್ಲಿ ಮೊದಲ ಪದ ಎ, ಸಾಮಾನ್ಯ ವ್ಯತ್ಯಾಸ ಡಿ. ಎನ್‌ನೆಯ ಪದ ಅಂದರೆ ಎ ಕೂಡಿಸು, ಎನ್‌ನಿಂದ ಒಂದು ಕಳೆದದ್ದನ್ನು ಡಿಯಿಂದ ಗುಣಿಸಿದ್ದು. ನಮ್ಮಲ್ಲಿ ಹತ್ತನೆಯ ಮಗು ಇದನ್ನು ಎಎನ್ ಕೂಡಿಸು ಬಿ ಅಂತ ಕಲಿಯುತ್ತದೆ. ಇಲ್ಲಿ ಎ ಅಂದರೆ ವ್ಯತ್ಯಾಸ. ಈ ಶ್ರೇಣಿಗೆ 3ಎನ್ ಕೂಡಿಸು 2. ಎರಡು ದಾರಿಯಲ್ಲೂ ಉತ್ತರ ಒಂದೇ. ಆದರೆ ಅಲ್ಲಿ ಎ ಅಂದರೆ 5, ಇಲ್ಲಿ ಎ ಅಂದರೆ 3. ಎರಡನ್ನೂ ಬೆರೆಸಿ ಕಲಿಸಿದರೆ ಮಗು ಎಲ್ಲಿಗೆ ಹೋಗಬೇಕು? ನಾನು ಟ್ಯೂಷನ್ನಿಗೆ ಬಂದ ಮಕ್ಕಳಲ್ಲಿ ಈ ಗೊಂದಲ ಎಷ್ಟು ಸಲ ನೋಡಿದ್ದೇನೋ.

ನಮ್ಮ ಪುಸ್ತಕ ಯಾಕೆ ಹಾಗೆ ಬರೆಯುತ್ತದೆ ಅಂತಲೂ ಯೋಚಿಸು. ಮೂರು ಮೂರು ಏರುತ್ತಿದೆ ಅಂದರೆ ಅದು ಮೂರರ ಮಗ್ಗಿಯ ನೆಂಟ. 3, 6, 9, 12ಕ್ಕೆ ಎರಡೆರಡು ಕೂಡಿಸಿದರೆ 5, 8, 11, 14. ಇಷ್ಟು ಕಂಡರೆ ಮಗುವಿಗೆ ಸೂತ್ರ ಬಾಯಿಪಾಠ ಬೇಡ. ಪುಸ್ತಕದ ಈ ಮನಸ್ಸು ಹಿಡಿದುಕೊಂಡವರು ಮಾತ್ರ ಈ ಸಿಲೆಬಸ್ಸಿನಲ್ಲಿ ಒಳ್ಳೆಯ ಟೀಚರ್ ಆಗುತ್ತಾರೆ.

ಕನ್ನಡದಲ್ಲಿ ಗಣಿತ ಹೇಳಲು ಬರುತ್ತದಾ ಅನ್ನುವ ಸಂಶಯ ಬಿಡು. 12ನೇ ಶತಮಾನದಲ್ಲೇ ರಾಜಾದಿತ್ಯ ಕನ್ನಡದಲ್ಲಿ ಗಣಿತ ಬರೆದಿದ್ದಾನೆ. ಭಾಷೆಗೆ ಶಕ್ತಿ ಇದೆ. ನಮ್ಮ ನಾಲಿಗೆಗೆ ಅಭ್ಯಾಸ ತಪ್ಪಿದೆ, ಅಷ್ಟೇ. ಒಂದು ಇನ್ನೂರು ಪುಟದ ಪುಸ್ತಕ ಮಾಡು. ಎಡಗಡೆ ಪಠ್ಯಪುಸ್ತಕದ ಕನ್ನಡ ಪದ, ಬಲಗಡೆ ಇಂಗ್ಲಿಷಿನದ್ದು, ಕೆಳಗೆ ಆ ಪದವಿರುವ ಒಂದು ಪೂರ್ತಿ ವಾಕ್ಯ. ಬರೀ ಪದ ಬೇಡ, ವಾಕ್ಯ ಬೇಕು. "ಕೇಂದ್ರದಿಂದ ಜ್ಯಾಕ್ಕೆ ಎಳೆದ ಲಂಬವು ಜ್ಯಾವನ್ನು ಸಮಭಾಗ ಮಾಡುತ್ತದೆ." ಇದನ್ನು ಗಟ್ಟಿಯಾಗಿ ಹತ್ತು ಸಲ ಹೇಳು. ಬಾಯಿಗೆ ಬಂದರೆ ಕ್ಲಾಸಿನಲ್ಲಿ ತಡವರಿಸುವುದಿಲ್ಲ.

ಮಂಗಳೂರಿನಲ್ಲಿ ಬಿ.ಎಡ್. ಮಾಡಿದವಳು

ಬಿ.ಎಡ್. ಎಲ್ಲಿ ಅನ್ನುವುದಕ್ಕೆ ನನ್ನ ಅನುಭವ.

ನಾನು ಗಡಿ ದಾಟಿದೆ. ಬಸ್ಸಿನಲ್ಲಿ ದಿನಾ ಓಡಾಟ. ಮೆಥಡಾಲಜಿ, ಅಂದರೆ ಕಲಿಸುವ ವಿಧಾನದ ಪಾಠ, ಕನ್ನಡದಲ್ಲೇ ಕೇಳಲು ಸಿಕ್ಕಿತು, ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಪಾಠ ಮಾಡಲು ಅವಕಾಶವೂ ಸಿಕ್ಕಿತು. ಅದು ದೊಡ್ಡ ಲಾಭ. ಆದರೆ ಅಲ್ಲಿ ನಾನು ಕಲಿಸಿದ್ದು ಕರ್ನಾಟಕದ ಪಠ್ಯ. ಊರಿಗೆ ಬಂದ ಮೇಲೆ ಮಾಷ್ಟ್ರು ಹೇಳಿದ ಎ, ಬಿ, ಡಿ ಗೊಂದಲ ನನಗೂ ಆಯಿತು.

ಇನ್ನೊಂದು ದೊಡ್ಡ ತಲೆನೋವು ಈಕ್ವಿವಲೆನ್ಸಿ. ಹೊರರಾಜ್ಯದ ವಿಶ್ವವಿದ್ಯಾಲಯದ ಡಿಗ್ರಿ ಅಥವಾ ಬಿ.ಎಡ್. ಇದ್ದರೆ ಇಲ್ಲಿನ ವಿಶ್ವವಿದ್ಯಾಲಯದಿಂದ ಇದು ತತ್ಸಮಾನ ಅನ್ನುವ ಪತ್ರ ಕೇಳುತ್ತಾರೆ. ನಾನು ಅದಕ್ಕೆ ಅರ್ಜಿ ಹಾಕಿದ್ದು ತಡವಾಯಿತು. ಒಂದು ಶಾಲೆಯಲ್ಲಿ ದಿನಗೂಲಿ ಇಂಟರ್ವ್ಯೂಗೆ ಹೋದಾಗ ಆ ಪತ್ರ ಇಲ್ಲದ್ದಕ್ಕೆ ಹಿಂದೆ ಕಳುಹಿಸಿದರು. ಕಣ್ಣಲ್ಲಿ ನೀರು ಬಂತು. ನೀವು ಹೋಗುವುದಾದರೆ ಕೋರ್ಸು ಮುಗಿದ ಕೂಡಲೇ ಅಂಕಪಟ್ಟಿ, ಸಿಲೆಬಸ್ ಪ್ರತಿ ಎಲ್ಲ ಸೇರಿಸಿ ಅರ್ಜಿ ಹಾಕಿ.

ಇಲ್ಲೇ ಮಾಡುವುದಾದರೆ ಕಣ್ಣೂರು ವಿಶ್ವವಿದ್ಯಾಲಯದ ಟೀಚರ್ ಎಜುಕೇಶನ್ ಸೆಂಟರ್ ಕಾಸರಗೋಡಿನಲ್ಲೇ ಇದೆ. ಕನ್ನಡದವರು ಇಲ್ಲಿ ಓದುವಾಗ ಮೊದಲೇ ಹೇಳಿ ಇಂಟರ್ನ್‌ಶಿಪ್ಪನ್ನು ಕನ್ನಡ ಡಿವಿಷನ್, ಅಂದರೆ ಕನ್ನಡ ಮಾಧ್ಯಮದ ತರಗತಿ, ಇರುವ ಶಾಲೆಯಲ್ಲಿ ಕೇಳಿಕೊಳ್ಳಬೇಕು. ಎರಡು ವರ್ಷದ ಬಿ.ಎಡ್.ನಲ್ಲಿ ಶಾಲೆಯೊಳಗಿನ ಅಭ್ಯಾಸ ಒಟ್ಟು 20 ವಾರ. ಅದು ಮಲಯಾಳ ಕ್ಲಾಸಿನಲ್ಲಿ ಕಳೆದುಹೋದರೆ ನಿಮಗೆ ನಷ್ಟ.

ನನ್ನನ್ನು ಕೇಳಿದರೆ, ಇಲ್ಲಿ ಕೆಲಸ ಬೇಕು ಅಂತ ಗಟ್ಟಿ ಮನಸ್ಸಿದ್ದರೆ ಇಲ್ಲೇ ಓದಿ.

ಕುಂಬಳೆಯಿಂದ, ಪಿಎಸ್‌ಸಿ ಬರೆಯುವವ

ಕೆ-ಟೆಟ್ ಬಗ್ಗೆ ಹೇಳಲು ಮರೆತೆ. ಮೂರನೇ ಕೆಟಗರಿ ಹೈಸ್ಕೂಲಿನದ್ದು. 150 ಪ್ರಶ್ನೆ, 150 ಅಂಕ, ಎರಡೂವರೆ ಗಂಟೆ. ಹದಿಹರೆಯದ ಮಕ್ಕಳ ಮನಃಶಾಸ್ತ್ರ ಮತ್ತು ಕಲಿಕೆಯ ಸಿದ್ಧಾಂತಗಳಿಗೆ 40, ಭಾಷೆಗೆ 30, ವಿಷಯಕ್ಕೆ 80. ಭಾಷೆಯಲ್ಲಿ ಕನ್ನಡ ಆರಿಸಿಕೊಳ್ಳಬಹುದು. ಸಾಮಾನ್ಯ ವರ್ಗಕ್ಕೆ 90 ಅಂಕ ಬೇಕು, ಅಂದರೆ ನೂರಕ್ಕೆ 60. ಹಿಂದುಳಿದ ವರ್ಗ ಮತ್ತು ಪರಿಶಿಷ್ಟರಿಗೆ 82 ಸಾಕು. ತಪ್ಪಿಗೆ ಅಂಕ ಕಳೆಯುವುದಿಲ್ಲ, ಒಂದನ್ನೂ ಖಾಲಿ ಬಿಡಬೇಡಿ.

ಕರ್ನಾಟಕದ ಟಿಇಟಿ ಬೇರೆ, ಇದು ಬೇರೆ. ಹೆಸರು ಹತ್ತಿರ ಹತ್ತಿರ ಇರುವುದರಿಂದ ಯೂಟ್ಯೂಬಿನಲ್ಲಿ ಅಲ್ಲಿನ ಕ್ಲಾಸು ಕೇಳಿ ಇಲ್ಲಿನ ಪರೀಕ್ಷೆಗೆ ಹೋದವರಿದ್ದಾರೆ.

ಪಿಎಸ್‌ಸಿಯ ಪರೀಕ್ಷೆಯಲ್ಲಿ 100 ಪ್ರಶ್ನೆ. ಅಲ್ಲಿ ಒಂದು ತಪ್ಪಿಗೆ ಮೂರನೇ ಒಂದು ಅಂಕ ಹೋಗುತ್ತದೆ. ನಾವು ಗಣಿತದವರು, ಇದನ್ನು ಲೆಕ್ಕ ಮಾಡಿಯೇ ನೋಡಬೇಕು. ಏನೂ ಗೊತ್ತಿಲ್ಲದ 12 ಪ್ರಶ್ನೆಗೆ ಕಣ್ಣು ಮುಚ್ಚಿ ಗುರುತು ಹಾಕಿದರೆ, ನಾಲ್ಕು ಆಯ್ಕೆ ಇರುವಾಗ, ಸರಾಸರಿ 3 ಸರಿ, 9 ತಪ್ಪು. ಬಂದದ್ದು 3, ಹೋದದ್ದು 3. ಲಾಭವೂ ಇಲ್ಲ, ನಷ್ಟವೂ ಇಲ್ಲ. ಪ್ರತಿಯೊಂದರಲ್ಲೂ ಒಂದು ಆಯ್ಕೆ ಖಂಡಿತ ಅಲ್ಲ ಅಂತ ಗೊತ್ತಿದ್ದರೆ 4 ಸರಿ, 8 ತಪ್ಪು. ಒಂದು ಅಂಕಕ್ಕಿಂತ ಸ್ವಲ್ಪ ಜಾಸ್ತಿ ಉಳಿಯುತ್ತದೆ. ರ‍್ಯಾಂಕ್ ಲಿಸ್ಟಿನಲ್ಲಿ ಆ ಒಂದು ಅಂಕಕ್ಕೆ ಬೆಲೆ ಇದೆ. ಒಂದಾದರೂ ಆಯ್ಕೆ ಬಿಡಿಸಲು ಬಂದರೆ ಮಾತ್ರ ಹಾಕಿ.

ದೇಲಂಪಾಡಿಯವ

ಮಾವ ಹೇಳಿದ್ದನ್ನು ಯಾರೂ ಮುಟ್ಟಲಿಲ್ಲ. ನಾನು ಹೇಳುತ್ತೇನೆ, ಬೇಜಾರು ಮಾಡಬೇಡಿ. ಅವರ ಮಾತಿನಲ್ಲಿ ಸತ್ಯ ಇದೆ. ಇಲ್ಲಿ ಹುದ್ದೆ ಉಳಿಯುವುದು ಮಕ್ಕಳ ಲೆಕ್ಕದ ಮೇಲೆ. ಜೂನಿನಲ್ಲಿ ಶಾಲೆ ಶುರುವಾಗಿ ಆರನೆಯ ಕೆಲಸದ ದಿನ ತಲೆ ಎಣಿಸುತ್ತಾರೆ. ಕನ್ನಡ ಡಿವಿಷನ್ನಿನಲ್ಲಿ ಮಕ್ಕಳು ಕಡಿಮೆಯಾದರೆ ಡಿವಿಷನ್ ಹೋಯಿತು, ಅದರ ಜೊತೆ ಹುದ್ದೆಯೂ ಹೋಯಿತು. ನಮ್ಮ ಕಡೆಯ ಅಪ್ಪ ಅಮ್ಮಂದಿರೇ ಮಕ್ಕಳನ್ನು ಇಂಗ್ಲಿಷ್ ಮೀಡಿಯಂ ವ್ಯಾನಿಗೆ ಹತ್ತಿಸುತ್ತಿದ್ದಾರೆ. ಆಸೆ ಒಳ್ಳೆಯದು. ಆದರೆ ಈ ಒಂದೇ ಹುದ್ದೆ ನಂಬಿ ಐದಾರು ವರ್ಷ ಕೂರುವುದು ಬುದ್ಧಿವಂತಿಕೆ ಅಲ್ಲ ಅನ್ನಿಸುತ್ತದೆ. ಅದೇ ಡಿಗ್ರಿ, ಅದೇ ಬಿ.ಎಡ್. ಇಟ್ಟುಕೊಂಡು ಇಂಗ್ಲಿಷ್ ಮೀಡಿಯಂ ಕ್ಲಾಸಿಗೂ ಪಾಠ ಮಾಡಲು ತಯಾರಿರಲಿ.

ಪೆರ್ಲದ ನಿವೃತ್ತ ಮಾಷ್ಟ್ರು

ಅಣ್ಣ, ಲೆಕ್ಕ ನೀವು ಹೇಳಿದ್ದು ಸರಿ. ನನ್ನ ಕೊನೆಯ ವರ್ಷಗಳಲ್ಲಿ ಆರನೆಯ ದಿನ ಹತ್ತಿರ ಬಂದ ಹಾಗೆ ನಿದ್ದೆ ಬರುತ್ತಿರಲಿಲ್ಲ. ಮನೆಮನೆಗೆ ಹೋಗಿ ಮಕ್ಕಳನ್ನು ಕಳುಹಿಸಿ ಅಂತ ಕೇಳಿದ್ದೇವೆ.

ಆದರೆ ಮಕ್ಕಳು ಯಾಕೆ ಬಿಟ್ಟುಹೋಗುತ್ತಾರೆ ಅಂತಲೂ ನೋಡಬೇಕು. ಮೀಯಪದವಿನ ಅಮ್ಮ ಬರೆದದ್ದು ಅದೇ. ಗಣಿತ ಅರ್ಥ ಆಗದೆ ಇರುವ ಮಗುವನ್ನು ಯಾವ ತಾಯಿ ಅಲ್ಲೇ ಬಿಡುತ್ತಾಳೆ? 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದಾಗಿನಿಂದ ಕನ್ನಡ ಶಾಲೆಗಳನ್ನು ಇಷ್ಟು ದೂರ ತಂದವರು ಕ್ಲಾಸಿನಲ್ಲಿ ನಿಂತ ಅಧ್ಯಾಪಕರು. ಕಯ್ಯಾರ ಕಿಞ್ಞಣ್ಣ ರೈಗಳನ್ನು ಎಲ್ಲರೂ ಕವಿ, ಹೋರಾಟಗಾರ ಅನ್ನುತ್ತಾರೆ. ಪೆರಡಾಲದಲ್ಲಿ ಅವರು ಮಾಷ್ಟ್ರು ಕೂಡ ಆಗಿದ್ದರು. ಗಣಿತಕ್ಕೆ ಒಬ್ಬ ಒಳ್ಳೆಯ ಟೀಚರ್ ಇದ್ದರೆ ಆ ಡಿವಿಷನ್ ನಿಲ್ಲುತ್ತದೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇಂಗ್ಲಿಷ್ ಮೀಡಿಯಂಗೂ ತಯಾರಿರಲಿ ಅನ್ನುವುದಕ್ಕೆ ನನ್ನ ತಕರಾರು ಇಲ್ಲ. ಒಬ್ಬರೇ ಎರಡೂ ಡಿವಿಷನ್ನಿಗೆ ಹೋಗಬೇಕಾಗಿ ಬರುವುದು ಮಾಮೂಲು. ಮಲಯಾಳವನ್ನೂ ಓದಲು ಕಲಿಯಲಿ. ಸುತ್ತೋಲೆ, ಕ್ಲಸ್ಟರ್ ತರಬೇತಿ, ಸ್ಟಾಫ್ ರೂಮಿನ ಮಾತು ಹೆಚ್ಚಾಗಿ ಅದರಲ್ಲೇ ನಡೆಯುತ್ತದೆ. ಅಲ್ಲಿ ಬಾಯಿ ಮುಚ್ಚಿ ಕೂತರೆ ಕನ್ನಡ ಮಕ್ಕಳ ಪರವಾಗಿ ಮಾತಾಡುವವರು ಯಾರು?

ಮುಳ್ಳೇರಿಯದ ದಿನಗೂಲಿ ಟೀಚರ್

ನಾನು ಮೂರು ವರ್ಷದಿಂದ ದಿನಗೂಲಿಯಲ್ಲಿ ಹೈಸ್ಕೂಲು ಗಣಿತ ಮಾಡುತ್ತಿದ್ದೇನೆ. ಪ್ರತಿ ವರ್ಷ ಮೇ ಕೊನೆಗೆ, ಜೂನ್ ಮೊದಲಿಗೆ ಶಾಲೆಗಳಲ್ಲಿ ಇಂಟರ್ವ್ಯೂ ಇರುತ್ತದೆ. ಪತ್ರಿಕೆಯ ಸ್ಥಳೀಯ ಪುಟ ನೋಡುತ್ತಿರಿ. ಪಿಎಸ್‌ಸಿ ಬರುವವರೆಗೆ ಇದೇ ದೊಡ್ಡ ಪಾಠಶಾಲೆ. ಏಯ್ಡೆಡ್ ಶಾಲೆಗಳಲ್ಲೂ ಹುದ್ದೆ ಇರುತ್ತದೆ. ಅಲ್ಲಿ ನೇಮಕ ಮ್ಯಾನೇಜರರದ್ದು, ಸಂಬಳ ಸರಕಾರದ್ದು. ಒಂದು ಕಡೆ ನನ್ನ ಹತ್ತಿರ ಕೇಳಿದ ಮೊತ್ತ ಕೇಳಿ ಅಪ್ಪ ಎದ್ದು ಬಂದರು. ಎಲ್ಲರೂ ಹಾಗಲ್ಲ ಅಂತ ನಂಬಿದ್ದೇನೆ. ಆ ವಿಷಯ ಸಾಕು.

ನನಗೆ ಕ್ಲಾಸಿನ ಬಗ್ಗೆ ಹೇಳಬೇಕು. ಕಳೆದ ವರ್ಷ ಹತ್ತನೆಯವರಿಗೆ ತ್ರಿಕೋನಮಿತಿ. ಟ್ಯಾನ್ ಅಂದ ಕೂಡಲೇ ಅರ್ಧ ಕ್ಲಾಸಿನ ಕಣ್ಣು ಕಿಟಕಿಯ ಹೊರಗೆ. ಸರಿ, ಹೊರಗೇ ಹೋಗುವ ಅಂದೆ. ಶಾಲೆಯ ಪಕ್ಕ ಒಂದು ಅಡಕೆ ತೋಟ ಇದೆ, ಯಜಮಾನರು ಒಪ್ಪಿದರು. ಒಂದು ಪ್ರೊಟ್ರಾಕ್ಟರಿನ ನೇರ ಬದಿಗೆ ಜ್ಯೂಸಿನ ಸ್ಟ್ರಾ ಅಂಟಿಸಿದೆವು. ನಡುವಿನ ತೂತಿಗೆ ನೂಲು ಕಟ್ಟಿ ತುದಿಗೆ ಸಣ್ಣ ಕಲ್ಲು. ಸ್ಟ್ರಾದೊಳಗಿಂದ ಮರದ ತುದಿ ನೋಡಬೇಕು. ನೂಲು ಎಷ್ಟು ಡಿಗ್ರಿ ಸರಿಯಿತು ಅಂತ ಪಕ್ಕದವನು ಓದಬೇಕು.

ಒಬ್ಬ ಹುಡುಗ ಹಿಂದೆ ಹಿಂದೆ ನಡೆದು ಸರಿಯಾಗಿ 45 ಬರುವಲ್ಲಿ ನಿಂತ. ಅಲ್ಲಿಂದ ಮರದ ಬುಡಕ್ಕೆ ಟೇಪು ಹಿಡಿದರೆ 12.5 ಮೀಟರ್. ಟ್ಯಾನ್ 45 ಅಂದರೆ 1. ಅವನ ಕಣ್ಣಿನ ಮಟ್ಟದಿಂದ ಮೇಲೆ ಮರ ಅಷ್ಟೇ ಎತ್ತರ. ಅವನ ಕಣ್ಣು ನೆಲದಿಂದ 1.4 ಮೀಟರ್. ಒಟ್ಟು 13.9. ಕೊನೆ ಕೊಯ್ಯುವ ಅಣ್ಣ ಅಲ್ಲೇ ಇದ್ದರು. ಅವರು ತಮ್ಮ ದೋಟಿ ಮರಕ್ಕೆ ಆನಿಸಿ, ಇನ್ನು ಇಷ್ಟು ಮೇಲೆ ಅಂತ ಕೈ ತೋರಿಸಿ ಅಂದಾಜು ಹೇಳಿದರು. ಹೆಚ್ಚುಕಡಿಮೆ ಅದೇ! ಮಕ್ಕಳು ಕೂಗಿದ್ದು ಸ್ಟಾಫ್ ರೂಮಿಗೆ ಕೇಳಿಸಿತು.

ಆಮೇಲೆ ಹಿಂದಿನ ಬೆಂಚಿನ ಒಬ್ಬಳು, ಯಾವತ್ತೂ ಮಾತಾಡದವಳು, ಕೇಳಿದಳು. "ಟೀಚರ್, ತೋಡಿನ ಆಚೆಗಿರುವ ಮರ ಆದರೆ? ಬುಡಕ್ಕೆ ಟೇಪು ಹಿಡಿಯಲು ಆಗುವುದಿಲ್ಲ ಅಲ್ವಾ?" ಪುಸ್ತಕದ ಕಷ್ಟದ ಲೆಕ್ಕ ಅದೇ. ಅವಳ ಬಾಯಿಂದ ತಾನಾಗಿ ಬಂತು. 60 ಡಿಗ್ರಿ ಬರುವಲ್ಲಿ ಒಂದು ಕಲ್ಲು ಇಟ್ಟು, ಅಲ್ಲಿಂದ ನೇರ ಹಿಂದೆ 30 ಬರುವವರೆಗೆ ನಡೆದೆವು. ನಡೆದದ್ದು 14 ಮೀಟರ್. ಆಗ ಮೊದಲ ಕಲ್ಲಿನಿಂದ ಮರಕ್ಕೆ ಅದರ ಅರ್ಧ, 7 ಮೀಟರ್. ಎತ್ತರ 7 ಗುಣಿಸು ವರ್ಗಮೂಲ 3, ಹನ್ನೆರಡು ಮೀಟರಿಗೆ ಸ್ವಲ್ಪ ಮೇಲೆ. ಕಣ್ಣಿನ ಎತ್ತರ ಕೂಡಿಸಬೇಕು ಅಂತ ನೆನಪು ಮಾಡಿದ್ದೂ ಅವಳೇ.

ಅವಳು ಮೊದಲು ಬೆರಳು ಮಡಚಿ ತುಳುವಿನಲ್ಲಿ ಎಣಿಸುತ್ತಿದ್ದಳು. ಐನ್, ಆಜಿ, ಏಳ್, ಎಣ್ಮ. ನಾನು ತಡೆಯಲಿಲ್ಲ. ಮನೆಯ ಭಾಷೆಯಲ್ಲಿ ಎಣಿಸಿ ಕನ್ನಡದಲ್ಲಿ ಬರೆಯಲಿ, ಏನು ತೊಂದರೆ?

ನೀರ್ಚಾಲು ಹುಡುಗಿ

ಟೀಚರ್, ಇದನ್ನು ಓದಿ ನನಗೆ ಈಗಲೇ ತೋಟಕ್ಕೆ ಓಡಬೇಕು ಅನ್ನಿಸಿತು. ಎಲ್ಲರಿಗೂ ಥ್ಯಾಂಕ್ಸ್. ಬಿ.ಎಡ್. ಇಲ್ಲೇ ಮಾಡುವುದು ಅಂತ ತೀರ್ಮಾನಿಸಿದ್ದೇನೆ. ತುಳಸಿಯಲ್ಲಿ ರಿಜಿಸ್ಟ್ರೇಶನ್ ನಿನ್ನೆ ರಾತ್ರಿ ಮಾಡಿದೆ. ಮಾವನಿಗೆ ಈ ಚರ್ಚೆ ಓದಿ ಹೇಳಿದೆ. ಆರನೆಯ ದಿನದ ಮಾತು ಬಂದಾಗ ತಲೆ ಆಡಿಸಿದರು, ಚೌಕದ ಲೆಕ್ಕ ಬಂದಾಗ ಸುಮ್ಮನಾದರು.

ಪಿಎಸ್‌ಸಿಗೆ ವಿಷಯದಲ್ಲಿ ಏನೇನು ಓದಬೇಕು ಅಂತ ಯಾರಾದರೂ ಸ್ವಲ್ಪ ಹೇಳಿ.

ಕುಂಬಳೆಯಿಂದ, ಪಿಎಸ್‌ಸಿ ಬರೆಯುವವ

ಡಿಗ್ರಿಯಲ್ಲಿ ಓದಿದ್ದೇ ಮುಖ್ಯ. ಕಲನಶಾಸ್ತ್ರ, ಮಾತೃಕೆಗಳು, ಸಂಖ್ಯಾಸಿದ್ಧಾಂತ, ಗ್ರೂಪು, ಸಮ್ಮಿಶ್ರ ಸಂಖ್ಯೆ ಎಲ್ಲ ಬರುತ್ತದೆ. ನಿಮ್ಮ ನೋಟ್ಸು ರದ್ದಿಗೆ ಹಾಕಬೇಡಿ! ಅದರ ಜೊತೆ ಬೋಧನಾ ವಿಧಾನ, ಸಾಮಾನ್ಯ ಜ್ಞಾನ, ಕೇರಳದ ನವೋತ್ಥಾನ, ಅಂದರೆ ಸಮಾಜ ಸುಧಾರಣೆಯ ಚರಿತ್ರೆ. ನಾರಾಯಣ ಗುರು, ಅಯ್ಯಂಕಾಳಿ ಇವರ ಬಗ್ಗೆ ನಮ್ಮ ಮಕ್ಕಳು ಕಡಿಮೆ ಓದುತ್ತಾರೆ, ಅಲ್ಲಿ ಅಂಕ ಬಿಟ್ಟುಕೊಡುತ್ತಾರೆ. ನಾರಾಯಣ ಗುರುಗಳು ಮಾಡಿದ ಅರುವಿಪ್ಪುರಂ ಶಿವ ಪ್ರತಿಷ್ಠೆ 1888 ಅನ್ನುವಂಥದ್ದು ಒಂದು ಸಲ ಗಮನವಿಟ್ಟು ಓದಿದರೆ ಸಾಕು.

ಮುಳ್ಳೇರಿಯದ ದಿನಗೂಲಿ ಟೀಚರ್

ಶಾಲೆಗಳ ಐಟಿ ಕೆಲಸ ನೋಡುವ ಸರಕಾರಿ ಸಂಸ್ಥೆ ಕೈಟ್‌ನವರ ಸಮಗ್ರ ಪೋರ್ಟಲ್ ನೋಡಿಟ್ಟುಕೊಳ್ಳಿ. ಪಾಠಪುಸ್ತಕ ಸಿಗುತ್ತದೆ. ಗಣಿತದ ಚಿತ್ರ ಹಾಕುವ ಜಿಯೋಜೀಬ್ರ ಸಾಫ್ಟ್‌ವೇರ್ ಕಲಿಯಿರಿ, ಇಲ್ಲಿನ ಶಾಲೆಗಳಲ್ಲಿ ಅದನ್ನು ತುಂಬ ಉಪಯೋಗಿಸುತ್ತಾರೆ. ಎಸ್‌ಎಸ್‌ಎಲ್‌ಸಿ ಗಣಿತ 80 ಅಂಕದ ಬರವಣಿಗೆ, 20 ನಿರಂತರ ಮೌಲ್ಯಮಾಪನ. ಹಿಂದಿನ ಪ್ರಶ್ನೆಪತ್ರಿಕೆಗಳನ್ನು ಕನ್ನಡದಲ್ಲೇ ಹುಡುಕಿ ಬಿಡಿಸಿ. ಪ್ರಶ್ನೆ ಹೇಗೆ ಕೇಳುತ್ತಾರೆ ಅನ್ನುವ ವಾಕ್ಯರಚನೆ ಗೊತ್ತಾಗುತ್ತದೆ.

ನೀರ್ಚಾಲು ಹುಡುಗಿ

ಎರಡು ವಾರ ಆಯಿತು. ಏನಾಯಿತು ಅಂತ ಬರೆಯದೆ ಇರಲು ಆಗಲಿಲ್ಲ.

ಮಾಷ್ಟ್ರು ಹೇಳಿದ ಪದಗಳ ಪುಸ್ತಕ ಶುರು ಮಾಡಿದೆ. ಅರುವತ್ತು ಪದ ಆಗಿದೆ. ಪಕ್ಕದ ಮನೆಯ ಹುಡುಗಿಯನ್ನು ಮತ್ತೆ ಕರೆದೆ. ಜಗಲಿಯಲ್ಲಿ ಒಣ ಅಡಕೆ ಹರಡಿತ್ತು. ಅದನ್ನೇ ತೆಗೆದು ಮೆಟ್ಟಿಲಿನ ಹಾಗೆ ಜೋಡಿಸಿದೆವು. ಒಂದು, ಎರಡು, ಮೂರು, ನಾಲ್ಕು, ಐದು. ಪಕ್ಕದಲ್ಲಿ ಅಂಥದ್ದೇ ಇನ್ನೊಂದು ಮೆಟ್ಟಿಲು, ತಲೆಕೆಳಗಾಗಿ. ಎರಡನ್ನೂ ಹತ್ತಿರ ದೂಡಿದಾಗ ಒಂದು ಆಯತ ಆಯಿತು. ಐದು ಸಾಲು, ಸಾಲಿಗೆ ಆರು. ಒಟ್ಟು 30, ಅದರ ಅರ್ಧ 15. "ಹಾಗಾದರೆ ನೂರರವರೆಗೆ ಜೋಡಿಸುವುದು ಬೇಡ, ನೂರು ಗುಣಿಸು ನೂರಒಂದು ಮಾಡಿ ಅರ್ಧ ಮಾಡಿದರಾಯಿತು" ಅಂತ ಅವಳೇ ಹೇಳಿದಳು. 5050. ನಾನು ಒಂದೇ ಒಂದು ಇಂಗ್ಲಿಷ್ ಪದ ಉಪಯೋಗಿಸಲಿಲ್ಲ. ಅದು ಆಮೇಲೆ ಗಮನಕ್ಕೆ ಬಂತು.

ಆದರೆ ಎದ್ದು ಹೋಗುವಾಗ ಅವಳು ಕೇಳಿದ ಒಂದು ಪ್ರಶ್ನೆಗೆ ಉತ್ತರ ಬರಲಿಲ್ಲ. "ಅಕ್ಕಾ, ಮೈನಸ್ಸನ್ನು ಮೈನಸ್ಸಿನಿಂದ ಗುಣಿಸಿದರೆ ಪ್ಲಸ್ ಯಾಕೆ?" ನನಗೆ ಡಿಗ್ರಿಯ ಬೀಜಗಣಿತದಲ್ಲಿ ಬರುವ ರಿಂಗ್ ಥಿಯರಿಯ ಸಾಧನೆ (ಪ್ರೂಫ್) ಗೊತ್ತು. ಅದನ್ನು ಒಂಬತ್ತನೆಯವಳಿಗೆ ಹೇಗೆ ಹೇಳಲಿ?

ಪೆರ್ಲದ ನಿವೃತ್ತ ಮಾಷ್ಟ್ರು

ನಿಯಮ ಅಂತ ಮಾತ್ರ ಹೇಳಿಬಿಡಬೇಡ ತಂಗಿ. ಒಂದರ ಕೆಳಗೆ ಒಂದು ಬರೆಯಿಸು. 3 ಗುಣಿಸು ಮೈನಸ್ 2, ಮೈನಸ್ 6. ಎರಡು ಗುಣಿಸು ಮೈನಸ್ 2, ಮೈನಸ್ 4. ಒಂದಕ್ಕೆ ಮೈನಸ್ 2. ಸೊನ್ನೆಗೆ ಸೊನ್ನೆ. ಅಲ್ಲಿ ನಿಲ್ಲಿಸು. ಎಡಗಡೆ ಒಂದೊಂದು ಇಳಿಯುವಾಗ ಬಲಗಡೆ ಏನಾಗುತ್ತಿದೆ ಅಂತ ಕೇಳು. ಮುಂದಿನ ಸಾಲನ್ನು ನೀನು ಬರೆಯಬೇಡ. ಅವಳ ಕೈಗೆ ಪೆನ್ಸಿಲು ಕೊಡು.

ನೀರ್ಚಾಲು ಹುಡುಗಿ

ಮಾಷ್ಟ್ರೇ, ಇವತ್ತು ಸಂಜೆ ಹಾಗೇ ಮಾಡಿದೆ. ಸೊನ್ನೆಯ ಸಾಲಿನಲ್ಲಿ ಅವಳು ತುಂಬ ಹೊತ್ತು ಕುಳಿತಳು. ಎರಡೆರಡು ಜಾಸ್ತಿ ಆಗುತ್ತಾ ಬರುತ್ತಿದೆ ಅಂದಳು. ಆಮೇಲೆ ಮೈನಸ್ 1 ಗುಣಿಸು ಮೈನಸ್ 2 ಅಂತ ಬರೆದು, ಎದುರಿಗೆ 2 ಅಂತ ಬರೆದು, ನನ್ನನ್ನು ಕೇಳದೆ ಅದರ ಕೆಳಗೆ ಇನ್ನೂ ಮೂರು ಸಾಲು ಬರೆದಳು.